ಮಸಣದ ದಾರಿಗೆ ಅಡ್ಡ ಎದ್ದ ಗೋಡೆ

ಹೊಸೂರು ಮತ್ತು ಕೃಷ್ಣಗಿರಿ ನಡುವಿನ ನಮ್ಮ ಊರು ನಗರಸಭೆಯಾದ ಮೇಲೆ ನಮ್ಮ ಕಾಲೋನಿ ಇರುವ ವಾರ್ಡು ಪರಿಶಿಷ್ಟ ಜಾತಿಯ ಹೆಂಗಸರಿಗೆ ಮೀಸಲಾಯಿತು. ಹೊಸೂರಿನ ಫ್ಯಾಕ್ಟರಿಯಲ್ಲಿ ವೈರು ಜೋಡಿಸುತ್ತಿದ್ದ ನನ್ನನ್ನು ಕೇರಿಯವರೇ ಒತ್ತಾಯ ಮಾಡಿ ಚುನಾವಣೆಗೆ ನಿಲ್ಲಿಸಿದರು. ನಾನು ಗೆದ್ದರೆ ಗೋಡೆ ಒಡೆಸುತ್ತೇನೆ ಅನ್ನುವುದು ಅವರ ಆಸೆ.

ನಮ್ಮ ಮನೆಗಳಿಗೂ ಮಸಣಕ್ಕೂ ಮಧ್ಯೆ ಮೊದಲು ರಾಗಿ ಹೊಲಗಳಿದ್ದವು. ಅವು ಲೇಔಟ್ ಆದವು. ಸೈಟು ಕೊಂಡು ಮನೆ ಕಟ್ಟಿದವರು, ನಮ್ಮ ಬಾಗಿಲ ಮುಂದೆ ಕಾಲೋನಿ ಹೆಣ ಹೋಗಕೂಡದು ಅಂತ ಸುತ್ತ ಕಾಂಪೌಂಡು ಎಬ್ಬಿಸಿದರು. ತಾತಂದಿರ ಕಾಲದಿಂದ ನಡೆದಾಡಿದ್ದ ದಾರಿ ಅದರೊಳಕ್ಕೆ ಹೋಯಿತು. ಉಳಿದದ್ದು ಕೆರೆಯಂಗಳದ ದಾರಿ. ಮಳೆಗಾಲದಲ್ಲಿ ಅಲ್ಲಿ ಸೊಂಟ ಮುಳುಗುವ ನೀರು.

ಅವ್ವ ತೀರಿಕೊಂಡ ಮೇಲೆ ನನ್ನನ್ನು ಸಾಕಿದವಳು ಚಿಕ್ಕಮ್ಮ. ನಾನು ಗೆದ್ದ ದಿನ ನನ್ನ ಕೆನ್ನೆ ಸವರಿ, "ಇನ್ನೇನು ಮಗಾ, ನನ್ನ ನೀರ್ನಾಗೆ ಎತ್ಕಂಡೋಗಲ್ಲ ಬಿಡು" ಅಂತ ನಕ್ಕಳು.

ಸಭೆ ನಡೆಯುವುದು ತಮಿಳಿನಲ್ಲಿ. ಮನೆಮಾತು ಕನ್ನಡವಾದರೂ ನಾನು ಓದಿದ್ದು ತಮಿಳು, ಮಾತಿಗೆ ತಡವರಿಸಲಿಲ್ಲ. ಪ್ರತಿ ಸಭೆಯಲ್ಲೂ ದಾರಿ ಕೇಳಿದೆ. ಅಧ್ಯಕ್ಷರು "ಪಾಕ್ಕಲಾಂಮಾ" ಅನ್ನುವರು, ನೋಡೋಣಮ್ಮ ಅಂತ. ಹೊರಗೆ ಬಂದಾಗ ಹಿರಿಯ ಸದಸ್ಯರೊಬ್ಬರು ಕನ್ನಡದಲ್ಲಿ, ತಂಗಿಗೆ ಹೇಳುವ ಹಾಗೆ ಹೇಳಿದರು: "ಹಠ ಯಾಕಮ್ಮ? ನಿಮ್ಮೋರಿಗೆ ಬ್ಯಾರೆ ಕಡೆ ಜಾಗ ಕೊಡ್ಸಾನ."

"ನಮ್ಮವ್ವ ಅಲ್ಲೇ ಮಲಗವ್ಳೆ ಅಣ್ಣ" ಅಂದೆ.

ಕೊನೆಗೂ ದಾರಿ ಬಿಡಿಸಬೇಕೆಂದು ನಗರಸಭೆ ಠರಾವು ಮಾಡಿತು. ಕೇರಿಯಲ್ಲಿ ಪಟಾಕಿ ಹೊಡೆದರು. ಅಷ್ಟರಲ್ಲಿ ಲೇಔಟಿನವರು ಕೋರ್ಟಿನಿಂದ ತಡೆ ತಂದರು. ಕೇಸು ಮುಗಿಯುವ ತನಕ ನಮ್ಮ ಕೈಯಲ್ಲೇನೂ ಇಲ್ಲ ಎಂದು ಕಮಿಷನರ್ ಕೈ ಚೆಲ್ಲಿದರು.

ಆ ಮಳೆಗಾಲದಲ್ಲೇ ಚಿಕ್ಕಮ್ಮ ಹೋದಳು.

ಕೆರೆ ತುಂಬಿತ್ತು. ಹುಡುಗರು ಹಾರೆ ಹಿಡಿದು ಗೋಡೆಯ ಕಡೆ ಹೊರಟರು. "ಜೈಲಿಗೋಗ್ತೀರ ಕಣ್ರೋ, ತಾಳ್ರಿ" ಅಂತ ತಡೆದು ನಾನೊಬ್ಬಳೇ ಲೇಔಟಿನ ಗೇಟಿಗೆ ಹೋದೆ. ಲೇಔಟೂ ನನ್ನ ವಾರ್ಡೇ. ಅವರ ಬೀದಿಗೆ ದೀಪ ಹಾಕಿಸಿದ್ದು ನಾನೇ. ಮೈಸೂರು ಕಡೆಯಿಂದ ಬಂದು ಅಲ್ಲಿ ನೆಲೆಸಿದ್ದ ಹೆಂಗಸೊಬ್ಬರು ಗೇಟಿಗೆ ಬಂದರು. ದೀಪ ಬಂದ ದಿನ ನನ್ನನ್ನು ಮನೆಗೆ ಕರೆದು ಕಾಫಿ ಕೊಟ್ಟವರು.

"ಮೇಡಂ, ನಿಮ್ಮ ಮೇಲೆ ನಮಗೇನೂ ಇಲ್ಲ" ಅಂದರು. "ಇವತ್ತು ಬಿಟ್ರೆ ನಾಳೇನೂ ಬಿಡಬೇಕಾಗುತ್ತೆ. ಮಕ್ಕಳು ಹೆದರ್ಕೋತಾರೆ."

"ನನ್ನ ಸಾಕಿದ ತಾಯಿ ಕಣಮ್ಮ ಅವಳು."

ಅವರ ಕಣ್ಣು ತುಂಬಿತು. ಆದರೂ ಗೇಟು ತೆಗೆಯಲಿಲ್ಲ.

ಅಧ್ಯಕ್ಷರಿಗೂ ಕಮಿಷನರಿಗೂ ಫೋನು ಮಾಡಿ ಮಾಡಿ ಸಾಕಾಯಿತು. ಯಾರೂ ಎತ್ತಲಿಲ್ಲ. ಮರುದಿನ ಬೆಳಗ್ಗೆ ಚಟ್ಟ ಹೊತ್ತು ನಗರಸಭೆಗೆ ಹೋಗಿ ಮೆಟ್ಟಿಲ ಮುಂದೆ ಇಳಿಸಿದೆವು. ಪ್ರಮಾಣವಚನ ತೆಗೆದುಕೊಳ್ಳಲು ಹೊಸ ಸೀರೆ ಉಟ್ಟು ನಾನು ಹತ್ತಿದ್ದ ಮೆಟ್ಟಿಲು ಅವು. ಈಗ ಕೆಳಗೆ ಮಣ್ಣಲ್ಲಿ ಕೂತಿದ್ದೆ.

ಆಗ ಎಲ್ಲರೂ ಬಂದರು, ಪೊಲೀಸರೂ ಬಂದರು. ಲೇಔಟಿನವರ ಜೊತೆ ಮಾತಾಡಿ ಬಂದ ಕಮಿಷನರ್ ಹೇಳಿದರು: ಈ ಒಂದು ಸಲ ಗೇಟು ತೆಗೆಯುತ್ತಾರೆ. ತಮಟೆ ಬೇಡ, ಹೂ ಚೆಲ್ಲುವುದು ಬೇಡ, ಬೇಗ ಹೋಗಬೇಕು.

ಚಿಕ್ಕಮ್ಮನ ಅಣ್ಣ, ನನ್ನ ಸೋದರಮಾವ, ಎದ್ದು ನಿಂತ. "ಕಳ್ಳರಂಗೆ ಎತ್ಕಂಡೋಗ್ಬೇಕೇನಮ್ಮಿ? ನಿನ್ನ ಗೆಲ್ಸಿದ್ದು ಇದ್ಕೇನಾ?"

ಹೆಣಕ್ಕೆ ವಾಸನೆ ಹತ್ತುತ್ತಿತ್ತು. "ಹೂಂ, ಹೋಗಾನ ನಡಿ ಮಾವ" ಅಂದೆ.

ಪೊಲೀಸರ ಮಧ್ಯೆ ಸದ್ದಿಲ್ಲದೆ ನಡೆದೆವು. ಎರಡೂ ಕಡೆ ಕಿಟಕಿ ಬಾಗಿಲು ಮುಚ್ಚಿದ್ದವು. ಚಿಕ್ಕಮ್ಮನನ್ನು ಅವ್ವನ ಪಕ್ಕದಲ್ಲೇ ಮಣ್ಣು ಮಾಡಿದೆವು. ನಾವು ಆಚೆ ಬಂದ ಮೇಲೆ ಗೇಟಿಗೆ ಬೀಗ ಬಿತ್ತು. ಒಳಗೆ ಯಾರೋ ಪೈಪು ಹಿಡಿದು ರಸ್ತೆ ತೊಳೆಯುತ್ತಿದ್ದರು.

ಮಾವ ಅಂದಿನಿಂದ ನನ್ನೊಡನೆ ಮಾತು ಬಿಟ್ಟಿದ್ದಾನೆ. ಮುಂದಿನ ಸಭೆಯಲ್ಲಿ ದಾರಿಯ ಮಾತೆತ್ತಿದಾಗ, ಕೇಸು ಮುಂದಕ್ಕೆ ಹೋಗಿದೆ ಅಂದರು. ರಾಜೀನಾಮೆ ಕೊಡೋಣ ಅನ್ನಿಸುತ್ತದೆ. ಕೊಟ್ಟರೆ ಅಲ್ಲಿ ಕೇಳುವವರೂ ಇರುವುದಿಲ್ಲ.

ನೆನ್ನೆ ಕೇರಿಯ ಹೆಣ್ಣುಮಗಳೊಬ್ಬಳು ಮನೆಗೆ ಬಂದಿದ್ದಳು. ಅವಳ ಮಾವನಿಗೆ ಉಬ್ಬಸ, ಊಟ ಸೇರುತ್ತಿಲ್ಲ. ಆಸ್ಪತ್ರೆ ವಿಷಯವಿರಬೇಕು ಅಂದುಕೊಂಡೆ.

"ಅಕ್ಕಾ" ಅಂದಳು, ತಲೆ ತಗ್ಗಿಸಿ, "ಗೇಟು ತೆಗ್ಸಾಕೆ ಕಮಿಷನರ್ಗೆ ಈಗ್ಲೇ ಒಂದು ಮಾತು ಹೇಳಿಟ್ಟಿರ್ತೀಯಾ?"