ಗಾಲಿಯೊಳಗಿನ ತೊಗಲು

ಮೊನ್ನೆ ಎದುರು ಮನೆಯವರು ಹೊಸ ಚಪ್ಪಲಿಗೆ ಎಣ್ಣೆ ಹಚ್ಚಿ ಬಿಸಿಲಿಗಿಟ್ಟಿದ್ದರು. ಕೊಲ್ಲಾಪುರದಲ್ಲಿ ಇದೇನೂ ಹೊಸದಲ್ಲ. ಹೊಸ ತೊಗಲು ಕಾಲು ಕಚ್ಚಬಾರದೆಂದು ಎಲ್ಲರೂ ಮಾಡುತ್ತಾರೆ. ಕಾಯಿಪಲ್ಯ ತರಲು ಮೆಟ್ಟಿಲು ಇಳಿಯುತ್ತಿದ್ದವಳಿಗೆ ಆ ವಾಸನೆ ಬಡಿಯಿತು. ಬೆಚ್ಚಗಿನ ಎಣ್ಣೆ ಕುಡಿಯುತ್ತಿರುವ ತೊಗಲು... ಅಲ್ಲೇ ನಿಂತೆ. ಗಾಡಿ ರಿಪೇರಿಯ ಮಿಸ್ತ್ರಿ ನೆನಪಾದರು.

ನೆನಪಾದರು ಎನ್ನುವುದೂ ಸುಳ್ಳೇ. ಅವರನ್ನು ನಾನು ಮರೆತೇ ಇರಲಿಲ್ಲ. ನಲವತ್ತು ವರ್ಷಗಳಿಂದ ಅವರ ಕಥೆಯನ್ನು ಒಂದೇ ರೀತಿಯಲ್ಲಿ ಹೇಳುತ್ತ ಬಂದಿದ್ದೇನೆ, ಕೇಳಿದವರೆಲ್ಲ ನಕ್ಕಿದ್ದಾರೆ. ಎಲ್ಲೂ ಸೋರದ ಕಥೆ. ಅದಕ್ಕೇ ನನಗೆ ಅದರ ಮೇಲೆ ನಂಬಿಕೆಯಿಲ್ಲ. ಇವತ್ತು ಬೇರೆ ರೀತಿಯಲ್ಲಿ ಹೇಳಿ ನೋಡುತ್ತೇನೆ.

ಎಪ್ಪತ್ತರ ದಶಕದ ಕೊನೆ. ಸುಳಕೂಡದ ಹತ್ತಿರ ನನ್ನ ಗಂಡನ ಮನೆ. ಮಾವ ಹೋಗಿ ಎರಡು ವರ್ಷವಾಗಿತ್ತು. ಗಂಡ ಇಚಲಕರಂಜಿಯಲ್ಲಿ ಮಗ್ಗಗಳ ಕೆಲಸ ನೋಡಿಕೊಂಡು ಅಲ್ಲೇ ಇರುತ್ತಿದ್ದರು, ಅಮಾವಾಸ್ಯೆಗೊಮ್ಮೆ ಬರುತ್ತಿದ್ದರು. ಮನೆಯಲ್ಲಿ ಅತ್ತೆ, ಮದುವೆಯಾಗದ ನಾದಿನಿ ಮತ್ತು ನಾನು. ಅಂಗಳದಲ್ಲಿ ಮಾವ ಕೊಂಡಿದ್ದ ಹಳೆಯ ಟ್ರ್ಯಾಕ್ಟರ್. ತೋಟದ ಸಾಲುಗಳ ನಡುವೆ ನುಸುಳುವಷ್ಟು ಚಿಕ್ಕದು. ಅದರ ಎಡಗಾಲಿಯಿಂದ ಎಣ್ಣೆ ಸೋರಿ ನೆಲ ಕರ್ರಗಾಗಿತ್ತು. ಓಡಿಸುವ ಆಳು ಬಿಟ್ಟುಹೋಗಿದ್ದ. ಮುಂದಿನ ಅಮಾವಾಸ್ಯೆಯೊಳಗೆ ರಿಪೇರಿಯಾಗದಿದ್ದರೆ ಗುಜರಿಗೆ ಹಾಕಿಬಿಡುತ್ತೇನೆ ಎಂದು ಗಂಡ ಬರೆದಿದ್ದರು.

ಮಿಸ್ತ್ರಿ ಗಡಹಿಂಗ್ಲಜದಿಂದ ಬಸ್ಸಿನಲ್ಲಿ ಬಂದರು. ನಲವತ್ತೈದು ವಯಸ್ಸಿರಬೇಕು. ಚಪ್ಪಲಿಯನ್ನು ರಸ್ತೆಯ ಬದಿಯ ಬೇವಿನ ಮರದ ಕೆಳಗೇ ಬಿಟ್ಟು ಬರಿಗಾಲಲ್ಲಿ ಒಳಗೆ ಬಂದರು, ಯಾರೂ ಹೇಳಬೇಕಾಗಲಿಲ್ಲ. ಹಿಂದಿನ ಚಾತುರ್ಮಾಸದಲ್ಲಿ ಅತ್ತೆ ನಮ್ಮ ಜೈನ ಮುನಿ ಮಹಾರಾಜರ ಎದುರು ನೇಮ ತೆಗೆದುಕೊಂಡಿದ್ದರು: ನಮ್ಮ ಬೇಲಿಯೊಳಗೆ ತೊಗಲು ಬರಕೂಡದು. ಆ ಸುದ್ದಿ ಸುತ್ತಲಿನ ಎಲ್ಲರಿಗೂ ಗೊತ್ತಿತ್ತು. ಮಿಸ್ತ್ರಿ ತಲೆಯ ಟೋಪಿ ತೆಗೆದು ಅಂಗಾತ ಇಟ್ಟು, ಬಿಚ್ಚಿದ ನಟ್ಟುಗಳನ್ನು ಅದರಲ್ಲಿ ಹಾಕಿದರು. ಬಿಳಿ ಟೋಪಿ. ಅಥವಾ ಎಂದೋ ಬಿಳಿಯಾಗಿದ್ದ ಟೋಪಿ.

ಗಾಲಿ ಬಿಚ್ಚಿದರು. ಗಾಲಿಯ ನಡುವಿನ ಹಬ್ ಮಾತ್ರ ಆಕ್ಸಲನ್ನು ಕಚ್ಚಿ ಹಿಡಿದಿತ್ತು. ಹೊರಬರಲೊಲ್ಲದು. ನಾನು ಸುತ್ತಿಗೆ ಎತ್ತಿ ಕೊಡಹೋದೆ.

"ಬ್ಯಾಡ್ರಿ ವೈನಿ. ಹೊಡದ್ರ ಇದು ಮತ್ತಿಷ್ಟು ಕಚ್ಚತೈತಿ. ಇದನ್ನ ತಿರುಗಿಸಿ ದಣಸಬೇಕು."

ಗಾಲಿಯನ್ನು ಮತ್ತೆ ಹಾಕಿ, ನಡುವಿನ ನಟ್ಟನ್ನು ಎರಡು ಸುತ್ತು ಸಡಿಲ ಬಿಟ್ಟರು. ಇನ್ನು ಯಾರಾದರೂ ಮೇಲೆ ಕೂತು ಅಂಗಳದಲ್ಲಿ ಎಡಕ್ಕೊಮ್ಮೆ ಬಲಕ್ಕೊಮ್ಮೆ ಸುತ್ತಬೇಕು, ತಾನು ಪಕ್ಕದಲ್ಲೇ ನಡೆಯುತ್ತ ಕಿವಿಗೊಡುತ್ತೇನೆ, ಹಬ್ ತಾನಾಗಿ ಬಿಡುತ್ತದೆ ಎಂದರು.

"ಗಂಡಸರು ಯಾರೂ ಇಲ್ಲಲ್ಲಪಾ ಮಿಸ್ತ್ರಿ," ಎಂದರು ಅತ್ತೆ, ಬಾಗಿಲಲ್ಲಿ ನಿಂತು.

"ಮ್ಯಾಲ ಕುಂತಾವ್ರು ಯಾರಂತ ಗಾಡಿಗೇನ ಗೊತ್ತಾಕ್ಕೈತ್ರಿ ಆಯಿ? ವೈನಿ, ಹತ್ರಿ."

ಹತ್ತಿದೆ. ಯಾಕೆ ಹತ್ತಿದೆನೋ. ಸೀರೆಯ ನಿರಿಗೆ ಎತ್ತಿ ಸಿಕ್ಕಿಸಿದ್ದು, ಕಬ್ಬಿಣದ ಸೀಟು ಸುಟ್ಟದ್ದು, ಮಿಸ್ತ್ರಿ ಕ್ಲಚ್ಚು ಬ್ರೇಕು ತೋರಿಸಿ ಗಾಡಿ ಚಾಲು ಮಾಡಿಕೊಟ್ಟದ್ದು ನೆನಪಿದೆ. ನಾದಿನಿ ಕಟ್ಟೆಯ ಮೇಲಿಂದ ಕೂಗಿದಳು: "ವೈನಿ, ಗ್ವಾಡಿಗೆ ಬಡದಿ ನೋಡ! ಮನಿ ಬಿದ್ದರ ಅಣ್ಣಗ ನೀನ ಪತ್ರ ಬರೀಬೇಕು!" ಕರು ಹಗ್ಗ ಹರಿದುಕೊಳ್ಳುವಂತೆ ಹಾರಾಡಿತು. ನಾನು ಸುತ್ತಿದೆ, ಮತ್ತೆ ಸುತ್ತಿದೆ. ಮಿಸ್ತ್ರಿ ಗಾಲಿಯ ಕಡೆ ಬಾಗಿ ನನ್ನ ಜೊತೆ ಜೊತೆಗೇ ಓಡುತ್ತಿದ್ದರು. ಎಷ್ಟು ಸುತ್ತು? ಹತ್ತೋ, ಇಪ್ಪತ್ತೋ. ಟಳ್ ಎಂದಿತು.

"ಬಿಟ್ಟಿತ್ರಿ! ನಿಲ್ಲಸ್ರಿ!"

ನನಗೆ ಕೇಳಿಸಿತ್ತು. ಆದರೂ ನಿಲ್ಲಿಸಲಿಲ್ಲ. ಇನ್ನೂ ಮೂರು ಸುತ್ತು ಹೊಡೆದೆ. "ವೈನಿ, ಸಾಕ್ರಿ, ಗಾಲಿ ಬಿದ್ದ ಹೊಕ್ಕೈತಿ!" ಎಂದು ಅವರು ನಗುತ್ತ ಹಿಂದೆ ಓಡಿಬಂದರು. ಮದುವೆಯಾಗಿ ನಾಲ್ಕು ವರ್ಷದಲ್ಲಿ ನನ್ನ ಕೈಯಿಂದ ಅಷ್ಟು ದೊಡ್ಡದು ಯಾವುದೂ ತಿರುಗಿರಲಿಲ್ಲ. ಈ ಗಾಡಿ ಗುಜರಿಗೆ ಹೋಗಬಾರದು ಎಂದು ನಾನು ನಿಶ್ಚಯಿಸಿದ್ದು ಆ ಮೂರು ಸುತ್ತುಗಳಲ್ಲಿ.

ಹಬ್ ಕೈಗೆ ಬಂತು. ಒಳಗೆ ಎಣ್ಣೆ ತಡೆಯುವ ಸೀಲು ಒಣಗಿ, ಅದರ ರಬ್ಬರಿನ ತುಟಿ ಸೀಳಿತ್ತು. ಆ ಅಳತೆಯದು ಕೊಲ್ಲಾಪುರದ ಅಂಗಡಿಗಳಿಗೆ ಬರಬೇಕಾದರೆ ಎರಡು ತಿಂಗಳು ಎಂದರು ಮಿಸ್ತ್ರಿ. ಅಮಾವಾಸ್ಯೆಗೆ ಉಳಿದದ್ದು ಒಂಬತ್ತು ದಿನ. ಬೇರೆ ದಾರಿಯೇ ಇಲ್ಲವೇ ಎಂದು ಪೀಡಿಸಿದೆ.

"ಐತ್ರಿ. ಮೊದಲ ಇಂಥಾ ಗಾಡಿಗೆ ತೊಗಲಿನ ಸೀಲನ ಬರ್ತಿತ್ತು. ಈ ಹಳೀ ಕಬ್ಬಿಣದ ಬಳಿಯೊಳಗ ತೊಗಲ ಕತ್ತರಿಸಿ ಕುಂದರಸಬೌದು. ಖರೆ ನಿಮ್ಮ ಮನ್ಯಾಗ..." ಬಾಗಿಲ ಕಡೆ ನೋಡಿದರು. "ಆಯೀನ ಕೇಳಿ ಬರ್ರಿ. ಹ್ಞೂ ಅಂದ್ರ ಮಾಡೂಣು. ಇಲ್ಲಂದ್ರ ಕಾಯೂಣು. ನಾ ಯಾರ ನೇಮಾನೂ ಮುರ್ಯಾಂವಲ್ರಿ."

ಒಳಗೆ ಹೋದೆ. ಅತ್ತೆ ಕೊಡಕ್ಕೆ ಬಟ್ಟೆ ಕಟ್ಟಿ ನೀರು ಸೋಸುತ್ತಿದ್ದರು. ಒಂದು ತಂಬಿಗೆ ನೀರು ಕುಡಿದೆ. ಹೊರಗೆ ಬಂದೆ.

"ಹ್ಞೂ ಅಂದ್ರು," ಎಂದೆ.

ಕೇಳಲು ಹೋಗಿ ಧೈರ್ಯ ಸಾಲಲಿಲ್ಲವೋ, ಕೇಳುವ ಮನಸ್ಸೇ ಇರಲಿಲ್ಲವೋ... ಎರಡನೆಯದೇ ನಿಜವಿರಬೇಕು. ಮೊದಲನೆಯದು ನನಗೆ ತೀರ ಅನುಕೂಲವಾಗಿದೆ.

ತೊಗಲನ್ನೂ ನಾನೇ ತಂದೆ. ಮಾವನ ಕಾಲದಲ್ಲಿ ಎತ್ತು ಹೂಡಿ ಬಾವಿಯಿಂದ ನೀರೆತ್ತುತ್ತಿದ್ದ ದೊಡ್ಡ ತೊಗಲಿನ ಚೀಲ, ಮೋಟ, ನೇಮದ ದಿನದಿಂದ ಬೇಲಿಯಾಚೆ ಬಾವಿಯ ಗುಡಿಸಲಲ್ಲಿ ತೂಗುತ್ತಿತ್ತು. ಅದರ ಅಂಚಿನಿಂದ ಅಂಗೈಯಗಲ ತುಂಡನ್ನು ಕುಡುಗೋಲಿನಿಂದ ಕೊಯ್ದುಕೊಟ್ಟೆ. ಮಿಸ್ತ್ರಿ ಬಾವಿಯ ಹತ್ತಿರವೇ ಮೂರು ಕಲ್ಲು ಹೂಡಿ ಎಣ್ಣೆ ಬೆಚ್ಚಗೆ ಮಾಡಿ, ತುಂಡನ್ನು ಅದರಲ್ಲಿ ನೆನೆಹಾಕಿದರು. ಮರುದಿನ ಬಂದಾಗ ಅದು ರೊಟ್ಟಿಯ ಹಿಟ್ಟಿನಷ್ಟು ಮೆತ್ತಗಾಗಿತ್ತು. ಬಳೆಯಂತೆ ಕತ್ತರಿಸಿ ಕೂರಿಸಿದರು. "ತುಟಿ ಯಾವಾಗ್ಲೂ ಎಣ್ಣಿ ಕಡೆ ಮುಖ ಮಾಡಿರಬೇಕು ನೋಡ್ರಿ. ಹೊರಗ ತಿರುವಿ ಹಾಕಿದ್ರ ಎಷ್ಟ ಬಿಗದ್ರೂ ಸೋರತೈತಿ." ಚಪ್ಪಟೆ ಕಟ್ಟಿಗೆ ಇಟ್ಟು ಸುತ್ತಲೂ ಒಂದೇ ಸಮ ಮೆಲ್ಲಗೆ ತಟ್ಟಿದರು.

ಅಮಾವಾಸ್ಯೆಗೆ ಬಂದ ಗಂಡ ಗಾಲಿಯ ಕೆಳಗೆ ಕೈಯಾಡಿಸಿ ನೋಡಿದರು. ಒಣಗಿತ್ತು. ಗುಜರಿಯ ಮಾತು ನಿಂತಿತು. ಒಂದು ವರ್ಷ ನಾನು ಆ ಗಾಡಿ ಓಡಿಸಿದೆ, ಮೆಣಸಿನ ಸಾಲುಗಳಲ್ಲಿ, ಕಬ್ಬಿನ ಸಾಲುಗಳಲ್ಲಿ. ಆ ವರ್ಷದ ಬಗ್ಗೆ ಬರೆಯಲು ಹೋದರೆ ನಿಲ್ಲುವುದಿಲ್ಲ, ಬೇಡ.

ಮರುವರ್ಷ ಬಲಗಾಲಿ ಸೋರತೊಡಗಿತು. ಮಿಸ್ತ್ರಿ ಮುರಗೂಡದ ಕಡೆ ಕೆಲಸಕ್ಕೆ ಹೋಗಿದ್ದರು. ಪಕ್ಕದ ತೋಟದವರು ಬೇರೊಬ್ಬ ಮೆಕ್ಯಾನಿಕ್‌ನನ್ನು ಕರೆತಂದರು. ಅವನು ಅಳತೆ ನೋಡಲೆಂದು ಎಡಗಾಲಿಯನ್ನೂ ಬಿಚ್ಚಿದ. ಕಟ್ಟೆಯ ಮೇಲೆ ನಮ್ಮವರೇ ನಾಲ್ಕಾರು ಹಿರಿಯರು ಕೂತಿದ್ದರು.

"ಅಯ್ಯಯ್ಯ, ತೊಗಲ ಐತಲ್ರಿ ಇದರಾಗ! ಜೈನರ ಮನಿ ಗಾಡಿಯಾಗ ಇದನ್ನ ಯಾವ ಪುಣ್ಯಾತ್ಮ ಹಾಕ್ಯಾನ್ರಿ?"

ಅತ್ತೆ ಮಿಸ್ತ್ರಿಗೆ ಹೇಳಿಕಳಿಸಿದರು. ಮೂರನೇ ದಿನ ಮಿಸ್ತ್ರಿ ಬಂದು ಬರಿಗಾಲಲ್ಲಿ ಅಂಗಳದ ನಡುವೆ ನಿಂತರು.

"ತೊಗಲ ಹಾಕೀದಿ?"

"ಹಾಕೇನ್ರಿ ಆಯಿ. ನೀವ..." ಎಂದವರು ತಡೆದರು. ನನ್ನ ಕಡೆ ನೋಡಿದರು. ಮೊದಲು ಅರ್ಥವಾಗದ ನೋಟ. ಆಮೇಲೆ ಅರ್ಥವಾದ ನೋಟ. ಎರಡರ ನಡುವೆ ನಾನು ಬಾಯಿ ತೆರೆಯಬಹುದಾದಷ್ಟು ಹೊತ್ತಿತ್ತು. ತೆರೆಯಲಿಲ್ಲ.

"ನಿಮ್ಮನ್ನ ಕೇಳಬೇಕಿತ್ರಿ. ಕೇಳಲಿಲ್ಲ. ತಪ್ಪ ನಂದು."

"ಇನ್ನ ಈ ಅಂಗಳಕ್ಕ ಕಾಲ ಇಡಬ್ಯಾಡ," ಎಂದರು ಅತ್ತೆ.

ಅವರು ಚೀಲ ಎತ್ತಿಕೊಂಡು ಹೋದರು. ಸುತ್ತಲಿನ ಊರುಗಳಲ್ಲಿ ಇಂಥ ಸಣ್ಣ ಗಾಡಿಗಳಿದ್ದದ್ದು ಹೆಚ್ಚಾಗಿ ನಮ್ಮವರ ಮನೆಗಳಲ್ಲೇ. ಯಾರೂ ಅವರನ್ನು ಮತ್ತೆ ಕರೆಯಲಿಲ್ಲ. ಗಡಹಿಂಗ್ಲಜದ ತಗಡಿನ ಶೆಡ್ಡು ಮುಚ್ಚಿತೆಂದು ಕೇಳಿದೆ. ನಾನು ಆ ಕಥೆಯನ್ನು ಹೇಳಲು ಶುರುಮಾಡಿದ್ದು ಆಗಲೇ: ಜೈನರ ಗಾಲಿಯಲ್ಲಿ ಕದ್ದು ತೊಗಲು ಕೂರಿಸಿದ ಮಿಸ್ತ್ರಿಯ ಕಥೆ. ಮೊದಲ ಸಲ ಹೇಳಿದಾಗ 'ಕದ್ದು' ಎಂಬ ಮಾತು ಬಿಟ್ಟಿದ್ದೆ. ಎರಡನೆಯ ಸಲ ಬಿಡಲಿಲ್ಲ.

ಒಮ್ಮೆ ಸಿಕ್ಕಿದ್ದರು. ಎಂಬತ್ತರ ದಶಕದ ನಡುವೆ, ಇಚಲಕರಂಜಿಯ ಬಸ್‌ಸ್ಟ್ಯಾಂಡಿನಲ್ಲಿ. ಮಗ್ಗಗಳಿಗೆ ಎಣ್ಣೆ ಹಾಕುವ ಕೆಲಸ. ಹುಬ್ಬಿನ ಮೇಲೆಲ್ಲ ಹತ್ತಿಯ ಪುಡಿ.

"ವೈನಿ! ಗಾಡಿ ಹೊಡಿತೀರೋ, ಬಿಟ್ಟೀರೋ?"

"ಮಾರಿದ್ರು."

"ಛೇ. ಕೈ ಚಲೋ ಕುಂತಿತ್ರಿ ನಿಮ್ದು."

ಅದು ಕೊಂಕಲ್ಲ. ಕೊಂಕಾಗಿದ್ದರೆ ನಾನು ಹೇಳುತ್ತಿದ್ದೆನೋ ಏನೋ. ನನ್ನ ಮುಖದಲ್ಲಿ ಏನು ಕಂಡಿತೋ, "ಹೋಗ್ರಿ, ಬಸ್ ಹೊಂಟೈತಿ," ಎಂದು ತಾವೇ ತಿರುಗಿ ನಡೆದುಬಿಟ್ಟರು. ಬಸ್ಸು ಇನ್ನೂ ಹತ್ತು ನಿಮಿಷ ಅಲ್ಲೇ ನಿಂತಿತ್ತು. ಕಿಟಕಿಯ ಪಕ್ಕ ಕೂತೇ ಇದ್ದೆ.

ಮೊನ್ನೆ ಕಾಯಿಪಲ್ಯ ತರದೆ ಮೇಲೆ ಬಂದು ನಾದಿನಿಗೆ ಫೋನ್ ಮಾಡಿದೆ. ಅವಳನ್ನು ಗಡಹಿಂಗ್ಲಜಕ್ಕೇ ಕೊಟ್ಟಿದ್ದು, ಈಗ ಅವಳೂ ಮುದುಕಿ. ಅವತ್ತು ನಾನು ಅತ್ತೆಯನ್ನು ಕೇಳಿರಲೇ ಇಲ್ಲ ಎಂದೆ. ಅವಳು ನಕ್ಕಳು.

"ಅಯ್ಯ ವೈನಿ, ಅವ್ವಗ ಅವತ್ತ ಗೊತ್ತಿತ್ತು. ನೀ ಮೋಟ ಕೊಯ್ಯೂದನ್ನ ಮಾಳಿಗಿ ಮ್ಯಾಲಿಂದ ನೋಡಿದ್ಲು."

"ಮತ್ತ ಒಂದ ವರ್ಷ ಯಾಕ ಸುಮ್ಮ ಇದ್ರು?"

"ಗಾಡಿ ಓಡಬೇಕಿತ್ತಲ್ಲ! ಆಮ್ಯಾಲ ಮಂದಿ ಮುಂದ ಬಯಲಾತು. ಸೊಸೀನ ಹೊರಗ ಹಾಕಾಕ ಆಕ್ಕೈತೇನು? ಮಿಸ್ತ್ರಿ ಹೊರಗಿನಾಂವ."

ಇದು ಅವಳ ಕಡೆಯ ಕಥೆ. ಅದೂ ಎಷ್ಟು ನಿಜವೋ. ನನ್ನ ಪಾಲನ್ನು ಸ್ವಲ್ಪ ಅತ್ತೆಗೆ ಹಂಚಲು ನನಗೆ ಎಷ್ಟು ಬೇಗ ಮನಸ್ಸಾಯಿತು ಎಂಬುದನ್ನೂ ಗಮನಿಸಿದೆ.

ಮಿಸ್ತ್ರಿಯ ಮನೆ ಎಲ್ಲಿದೆ, ಒಮ್ಮೆ ಹೋಗಿ ಬರುತ್ತೇನೆ ಎಂದೆ.

"ಯಾರ ಮನಿ? ಅಂವ ಸತ್ತ ಹತ್ತ ವರ್ಷ ಆತಲ್ಲ. ಗೊತ್ತಿಲ್ಲೇನ ನಿನಗ?"

ಗೊತ್ತಿರಲಿಲ್ಲ. ಇವತ್ತಲ್ಲ ನಾಳೆ ಹೋಗಿ ಹೇಳುತ್ತೇನೆ ಎಂದು ನಾನು ಅಂದುಕೊಳ್ಳುತ್ತಿದ್ದ ಹತ್ತು ವರ್ಷವೂ ಅಲ್ಲಿ ಕೇಳುವವರು ಯಾರೂ ಇರಲಿಲ್ಲ. ಈಗ ಯೋಚಿಸುತ್ತೇನೆ: ಶೆಡ್ಡು ಮುಚ್ಚಿದ ದಿನ ಅವರ ಮನೆಯಲ್ಲಿ ಹೆಂಡತಿ, ಮಕ್ಕಳು ಯಾಕೆ ಎಂದು ಕೇಳಿರುತ್ತಾರೆ. ಅವರು ಏನು ಹೇಳಿದರೋ. ತಪ್ಪು ತಮ್ಮದೇ ಎಂದು ಅಲ್ಲಿಯೂ ಹೇಳಿದರೋ, ನನ್ನ ಹೆಸರು ಎತ್ತಿದರೋ. ಎತ್ತಿರಲಿ. ಬಾಯಿತುಂಬ ಬೈದಿರಲಿ.