ದಲಂದಾಳ ಅಂಗಡಿಯಲ್ಲಿ ಮುಂಜಿಯಾರ ಕಸೂತಿ

ಅರಬ್ಬೀ ನಾಡಿನ ಸ್ಫಾಕ್ಸ್ ಊರಿನ ಹಳೇ ಕೋಟೆಬಾಗಿಲ ಹತ್ತಿರ, ಮಸಾಲೆಯಂಗಡಿಗೂ ದರ್ಜಿಯಂಗಡಿಗೂ ನಡುವೆ ದಲಂದಾಳ ಕಂಪ್ಯೂಟರ್ ರಿಪೇರಿ ಅಂಗಡಿ. ಟೈಪಿಂಗ್ ಕಲಿಸುತ್ತಿದ್ದ ಶಾಲೆ ಮುಚ್ಚಿದ ಮೇಲೆ, ನಲವತ್ತರ ವಯಸ್ಸಿನಲ್ಲಿ ಸ್ಕ್ರೂಡ್ರೈವರ್ ಹಿಡಿದವಳು ಅವಳು. ಆಗ ನಕ್ಕವರೇ ಎರಡು ವರ್ಷದೊಳಗೆ ಲ್ಯಾಪ್‌ಟಾಪ್ ಕಂಕುಳಲ್ಲಿಟ್ಟುಕೊಂಡು ಅವಳ ಮುಂದೆ ನಿಂತರು. ಯಾರೇ ಬರಲಿ, ಯಂತ್ರ ಮುಟ್ಟುವ ಮೊದಲು ಅವಳದು ಒಂದೇ ಪ್ರಶ್ನೆ: "ಇದರಲ್ಲಿ ನೀವು ಏನ್ ಮಾಡ್ತೀರಿ?"

ಒಂದು ಬೇಸಿಗೆಯ ಬೆಳಿಗ್ಗೆ ಹಳೆಯದೊಂದು, ಹೊಸದೊಂದು ಕಂಪ್ಯೂಟರ್ ಹೊರಿಸಿಕೊಂಡು ಮುಂಜಿಯಾ ಬಂದರು. ಮದುವಣಗಿತ್ತಿಯರ ಉಡುಪಿಗೆ ಯಂತ್ರದಲ್ಲಿ ಕಸೂತಿ ಹಾಕುವ ಅವರನ್ನು ಊರ ಹೆಣ್ಣುಮಕ್ಕಳೆಲ್ಲ ಖಾಲ್ತಿ, ಅಂದರೆ ಚಿಕ್ಕಮ್ಮ, ಎಂದೇ ಕರೆಯುವುದು. ಜೊತೆಗೆ ಅವರ ಗಂಡನ ಅಕ್ಕ ಫತ್ತೂಮಾ, ಬೀಸಣಿಗೆ ಬೀಸಿಕೊಳ್ಳುತ್ತ.

"ಹಳೇ ಕಂಪ್ಯೂಟರ್ ಸುಟ್ಟುಹೋಯ್ತು ಮಗಳೇ. ಹೊಸದು ತಂದ್ರೆ, ನನ್ನ ಕಸೂತಿ ಪ್ರೋಗ್ರಾಂ ಇದರಲ್ಲಿ ನಡೆಯಲ್ಲ ಅಂತ ಬರುತ್ತೆ. ಇನ್ನೂರು ಚಿತ್ತಾರ ಅದರಲ್ಲಿದೆ. ಮೊಮ್ಮಗಳ ಮದುವೆಗೆ ಒಂಬತ್ತೇ ದಿನ."

"ಕೈಯಲ್ಲೇ ಹೊಲಿ ಅಂದೆ, ಕೇಳಬೇಕಲ್ಲ," ಎಂದರು ಫತ್ತೂಮಾ.

"ನಿಮ್ಮ ಕಣ್ಣು ಕೊಡಿ ಅಕ್ಕಾ, ಹೊಲೀತೀನಿ."

ದಲಂದಾ ಹಳೆಯ ಕಂಪ್ಯೂಟರಿನ ಡಬ್ಬ ಬಿಚ್ಚಿದಳು. ಸುಟ್ಟಿದ್ದು ಬೋರ್ಡು ಮಾತ್ರ. ಡಿಸ್ಕ್ ಹೊರತೆಗೆದು ಬೇರೆ ಯಂತ್ರಕ್ಕೆ ಸಿಕ್ಕಿಸಿದರೆ ಚಿತ್ತಾರಗಳೂ ಪ್ರೋಗ್ರಾಮೂ ಹಾಗೆಯೇ ಇದ್ದವು.

"ಖಾಲ್ತಿ, ಪ್ರೋಗ್ರಾಂ ಕೆಟ್ಟಿಲ್ಲ. ಅದಕ್ಕೆ ಬೇಕಾಗಿರೋದು ತನ್ನ ಕಾಲದ ಮನೆ. ಹೊಸ ಕಂಪ್ಯೂಟರ್ ಒಳಗೇ ಒಂದು ಹಳೇ ಕಂಪ್ಯೂಟರ್ ಕೂರಿಸ್ತೀನಿ."

"ಒಳಗೆ ಜಾಗ ಇದೆಯಾ?" ಫತ್ತೂಮಾ ಬಗ್ಗಿ ನೋಡಿದರು.

ಹೊಸ ಯಂತ್ರದೊಳಗೆ ಇನ್ನೊಂದು ಯಂತ್ರದಂತೆ ನಟಿಸುವ ತಂತ್ರಾಂಶ ಹಾಕಿ, ಅದರಲ್ಲಿ ಹಳೆಯ ಆಪರೇಟಿಂಗ್ ಸಿಸ್ಟಮ್ ಕೂರಿಸಿ, ಡಿಸ್ಕಿನಲ್ಲಿದ್ದುದನ್ನೆಲ್ಲ ಸಾಗಿಸುವಷ್ಟರಲ್ಲಿ ಮಧ್ಯಾಹ್ನವಾಯಿತು. ಕಸೂತಿ ಪ್ರೋಗ್ರಾಂ ಮರುಮಾತಿಲ್ಲದೆ ತೆರೆದುಕೊಂಡಿತು. ಆದರೆ ಪಟ್ಟಿಯ ತುಂಬ ಬರೀ ಪ್ರಶ್ನಾರ್ಥಕ ಚಿಹ್ನೆಗಳು. ಅರಬ್ಬೀ ಅಕ್ಷರದಲ್ಲಿಟ್ಟಿದ್ದ ಹೆಸರು ಒಂದೂ ಓದಲು ಬಾರದು. ಹೆಸರು ಬಾರದೆ ಚಿತ್ತಾರ ತೆರೆಯದು. ಮುಂಜಿಯಾರ ಮುಖ ಬಾಡಿತು.

ದಲಂದಾ ಗಲ್ಲಕ್ಕೆ ಕೈಯಿಟ್ಟು ಕೂತಳು. ಆಮೇಲೆ ಹೊಳೆಯಿತು: ಹೊಸದಾಗಿ ಕೂರಿಸಿದ ಸಿಸ್ಟಮ್‌ಗೆ ಹೆಸರುಗಳು ಅರಬ್ಬಿಯಲ್ಲಿವೆ ಎಂದು ಯಾರೂ ಹೇಳಿಯೇ ಇಲ್ಲ. ಭಾಷೆಯ ಆಯ್ಕೆ ಬದಲಿಸಿ ಮತ್ತೆ ಚಾಲೂ ಮಾಡಿದಳು. ಹೆಸರುಗಳು ಸಾಲಾಗಿ ಮೂಡಿದವು. ಅವಳು ಗಟ್ಟಿಯಾಗಿ ಓದತೊಡಗಿದಳು: "ಬಾದಾಮಿ ಹೂ. ಮೀನಿನ ಬಾಲ. ಅಮ್ಮನ ದಾಳಿಂಬೆ. ಫತ್ತೂಮಾಳ ಮೂಗು."

ಮುಂಜಿಯಾ ಮೇಜಿನ ಮೇಲೆ ಏನನ್ನೋ ಹುಡುಕುವವರಂತೆ ತಲೆ ತಗ್ಗಿಸಿದರು.

"ತೆಗಿ, ನೋಡೋಣ," ಎಂದರು ಫತ್ತೂಮಾ.

ಪರದೆಯ ಮೇಲೆ ಕೊಕ್ಕಿನಂತೆ ಬಾಗಿದ, ಚೂಪು ತುದಿಯ ಒಂದು ಬಳ್ಳಿ. ಫತ್ತೂಮಾ ಕನ್ನಡಕ ಏರಿಸಿ ನೋಡಿದರು, ಮೂಗು ಸವರಿಕೊಂಡರು, ಹೊಟ್ಟೆ ಹಿಡಿದುಕೊಂಡು ನಗತೊಡಗಿದರು. "ಇಷ್ಟು ವರ್ಷದಿಂದ ಊರಿನ ಮದುಮಕ್ಕಳೆಲ್ಲ ನನ್ನ ಮೂಗನ್ನ ಮೈಮೇಲೆ ಹೊತ್ಕೊಂಡು ತಿರುಗ್ತಿದ್ದಾರೇನೇ?"

"ಎಲ್ಲರೂ ಕೇಳಿ ಕೇಳಿ ಹಾಕಿಸ್ಕೊಳ್ಳೋದು ಅದನ್ನೇ, ಅಕ್ಕಾ."

"ಹಾಗಾದ್ರೆ ಮೊಮ್ಮಗಳ ಉಡುಪಿನ ತೋಳಿಗೂ ಹಾಕು. ದೊಡ್ಡದಾಗೇ ಹಾಕು."

ಕಸೂತಿ ಯಂತ್ರಕ್ಕೆ ಕೊಡಲು ಚಿತ್ತಾರವನ್ನು ಪೆನ್‌ಡ್ರೈವಿಗೆ ಹಾಕಿಕೊಂಡು, ಹೊಸ ಕಂಪ್ಯೂಟರನ್ನೂ ಹೊರಿಸಿಕೊಂಡು ಇಬ್ಬರೂ ಕೈಕೈ ಹಿಡಿದು ಹೋದರು.

ಮದುವೆಯ ದಿನ ಮೀನಿನ ಕುಸ್‌ಕುಸ್ ಎಂಬ ರವೆಯೂಟ ಬಡಿಸಿದ ಪಂಕ್ತಿಯಲ್ಲಿ ದಲಂದಾಳನ್ನು ಫತ್ತೂಮಾ ತಮ್ಮ ಪಕ್ಕದಲ್ಲೇ ಕೂರಿಸಿಕೊಂಡರು. ಮರುವಾರವೇ ಊರಿನ ಇನ್ನೂ ಮೂವರು ಕಸೂತಿಯವರು ಧೂಳು ಹಿಡಿದ ಹಳೇ ಕಂಪ್ಯೂಟರ್ ಡಬ್ಬಗಳನ್ನು ಕೈಗಾಡಿಯಲ್ಲಿ ತಂದರು. ದಲಂದಾ ಮಸಾಲೆಯಂಗಡಿಯಿಂದ ಕುರ್ಚಿಗಳನ್ನು ಕೇಳಿ ತಂದು, ಅವರನ್ನೆಲ್ಲ ನೆರಳಿನಲ್ಲಿ ಕೂರಿಸಿ, ಪುದೀನ ಚಹಾಕ್ಕೆ ನೀರಿಟ್ಟಳು.