ಹೊಗೆಯ ಬಾಲ ಹಿಡಿದ ಶಾಹೀನ

ಅಬಲೂರಿನ ಶಾಹೀನಳಿಗೆ ಕೂತಲ್ಲಿ ಕೂರಲು ಬಾರದು. ಹೊಲಿಗೆ ಯಂತ್ರದ ಮುಂದೆ ಒಂದು ತೋಳು ಹೊಲಿಯುವಷ್ಟರಲ್ಲಿ ಮೂರು ಸಲ ಫೋನು ಎತ್ತುತ್ತಾಳೆ. ಮಂದಿ ಫೋನಿನಲ್ಲಿ ರೀಲ್ಸ್ ನೋಡಿದರೆ ಇವಳು ನೋಡುವುದು ಉಪಗ್ರಹ ತೆಗೆದ ಫೋಟೊ. ಹಾನಗಲ್ ಕಡೆಯ ಕಾಡಿಗೆ ಬೆಂಕಿ ಬಿದ್ದರೆ ಅದರಲ್ಲೊಂದು ಕೆಂಪು ಚುಕ್ಕೆ, ಚುಕ್ಕೆಗೊಂದು ಬೂದು ಹೊಗೆಯ ಬಾಲ. ಬಾಲ ತಮ್ಮೂರಿರುವ ಹಿರೇಕೆರೂರಿನತ್ತ ಹೊರಳಿತೋ, ಕತ್ತರಿ ಕೆಳಗಿಟ್ಟು, ಮಗಳು ಮಹೆಕಳನ್ನು ಶಾಲೆಯಿಂದಲೇ ಎಬ್ಬಿಸಿಕೊಂಡು ಸವಣೂರಿನ ತವರಿಗೆ ಬಸ್ಸು ಹತ್ತುತ್ತಾಳೆ. ಸವಣೂರಿನತ್ತ ಹೊರಳಿದರೆ ಮರಳಿ ಬರುತ್ತಾಳೆ. ಸುಗ್ಗಿ ಮುಗಿದ ಮೇಲಿನ ಮೂರು ತಿಂಗಳು ನಾಲ್ಕು ವರ್ಷದಿಂದ ಇದೇ ಓಡಾಟ. "ತವರಿನ ಹುಚ್ಚು ಇನ್ನೂ ಇಳಿದಿಲ್ಲ ನೋಡ್ರಿ" ಎಂದು ಓಣಿ ನಗುತ್ತದೆ. ನಗಲಿ ಎಂದು ಅವಳೂ ಸುಮ್ಮನಿದ್ದಾಳೆ.

ನಿಜ ಬೇರೆಯೇ ಇದೆ. ಒಂಬತ್ತು ವರ್ಷದ ಮಹೆಕಳಿಗೆ ದಮ್ಮಿನ ಕಾಯಿಲೆ. ಹೊಗೆ ತಾಕಿದರೆ ಉಸಿರು ಕಟ್ಟುತ್ತದೆ. ಇದು ಗೊತ್ತಿರುವುದು ಮನೆಯವರಿಗೆ ಮತ್ತು ಡಾಕ್ಟರಿಗೆ ಮಾತ್ರ. "ಹೆಣ್ಣುಹುಡುಗಿ ಐತಿ. ದಮ್ಮು ಅಂತ ಸುದ್ದಿ ಆದ್ರ ನಾಳೆ ಯಾರು ಮಾಡ್ಕೋತಾರ?" ಎಂದು ಅತ್ತೆ ಮಾಬೂಬಿ ಎಲ್ಲರ ಬಾಯಿ ಕಟ್ಟಿದ್ದಳು. ಒಂಬತ್ತರ ಕೂಸಿಗೆ ಈಗಲೇ ವರನ ಚಿಂತೆ! ಆದರೆ ಶಾಹೀನಳಿಗೂ ಒಳಗೊಳಗೆ ಅದೇ ಅಂಜಿಕೆ.

ಬರಬರುತ್ತ ಅವಳ ಹೊಗೆ ವಿದ್ಯೆಗೆ ಊರಲ್ಲಿ ಹೆಸರಾಯಿತು. ಈ ಫೆಬ್ರವರಿಯಲ್ಲಿ, ಅವಳ ಹಿತ್ತಲಿಗೆ ಹತ್ತಿದ ಹೊಲದ ದ್ಯಾಮಪ್ಪ, ಹೆಂಡತಿಯ ಕುಪ್ಪಸ ಒಯ್ಯಲು ಬಂದವನು ಬಾಗಿಲಲ್ಲೇ ನಿಂತು ಕೇಳಿದ:

"ಯವ್ವಾ, ಆ ಉಪಗ್ರಹ ನಮ್ಮೂರ ಮ್ಯಾಲ ಎಷ್ಟೊತ್ತಿಗೆ ಹೋಗ್ತೈತಿ?"

"ಹಗಲಾಗ ಕಡೀಸಲ ಒಂದೂವರಿಗೆ ದಾಟತೈತ್ರಿ ಕಾಕಾ. ಆಮ್ಯಾಲ ರಾತ್ರಿನ."

ಹೇಳುವಾಗ ಅವಳಿಗೆ ತುಸು ಜಂಬವೇ ಆಗಿತ್ತು. ಯಾಕೆ ಕೇಳಿದ ಎಂದು ಯೋಚಿಸಲಿಲ್ಲ.

ಮರುದಿನ ಒಂದೂವರೆಗೆ ತೆಗೆದು ನಾಲ್ಕು ಗಂಟೆಗೆ ಫೋನಿಗೆ ಬಂದ ಫೋಟೊದಲ್ಲಿ ಒಂದು ಚುಕ್ಕೆಯೂ ಇರಲಿಲ್ಲ. ಶಾಹೀನ ಸದಾ ಕಟ್ಟಿಟ್ಟಿರುತ್ತಿದ್ದ ಚೀಲ ಬಿಚ್ಚಿದಳು, ಕಿಟಕಿ ತೆರೆದಳು, ಅಪರೂಪಕ್ಕೆ ಮಗಳನ್ನು ಹಿತ್ತಲಲ್ಲಿ ಆಡಲು ಬಿಟ್ಟಳು. ಐದಕ್ಕೆ ಹೊಗೆ ನುಗ್ಗಿತು. ಅವಳು ಓಡಿ ಬರುವಷ್ಟರಲ್ಲಿ ಮಹೆಕ ಮೊಣಕಾಲು ಹಿಡಿದು ಬಗ್ಗಿದ್ದಳು, ಎದೆ ಸುಂಯ್‌ಗುಡುತ್ತಿತ್ತು. ಬಾಯಿಗೆ ಉಸಿರಿನ ಔಷಧದ ಪಂಪು ಒತ್ತಿ, ಮಗಳನ್ನು ಅತ್ತೆಯ ಮಡಿಲಿಗೆ ಕೊಟ್ಟು, ಆಸ್ಪತ್ರೆಗೆ ಆಟೊ ಕರೆದು, ಅದು ಬರುವುದರೊಳಗೆ ಬೆಂಕಿ ಆರಿಸಬೇಕೆಂದು ಹೊಲಕ್ಕೆ ಓಡಿದಳು.

ದ್ಯಾಮಪ್ಪ ಗೋವಿನಜೋಳದ ದಂಟಿಗೆ ಬೆಂಕಿ ಹಚ್ಚಿ ನಿಂತಿದ್ದ. ಜೊತೆಗೆ ಇನ್ನೂ ಮೂವರು.

"ಇದೇನ್ ಮಾಡಾಕತ್ತೀರಿ ಕಾಕಾ?"

"ಬೆಂಕಿ ಫೋಟೋದಾಗ ಬಿದ್ರ ಸರಕಾರದ ನೋಟಿಸು ಬರ್ತೈತಿ ಅಂತಾರ. ಒಂದೂವರಿಗೆ ದಾಟತೈತಿ ಅಂತ ನೀನ ಹೇಳಿದೆಲ್ಲವಾ, ಅದು ಹೋದ ಮ್ಯಾಲ ಹಚ್ಚೇವಿ. ಯಾಕ, ಏನಾತು?"

ಬೈಯಲು ಬಂದವಳಿಗೆ ಹೊತ್ತು ಹೇಳಿಕೊಟ್ಟವಳು ತಾನೇ ಎಂಬುದು ನೆನಪಾಯಿತು. ನಾಲ್ಕು ವರ್ಷ ಆಕಾಶವನ್ನು ಕೇಳಿದ್ದಳು. ಹಿತ್ತಲು ದಾಟಿದರೆ ಸಿಗುವ ಈ ಮನುಷ್ಯನಿಗೆ ಒಂದು ಮಾತು ಹೇಳಿರಲಿಲ್ಲ.

"ನನ್ನ ಮಗಳಿಗೆ ದಮ್ಮಿನ ಬ್ಯಾನಿ ಐತ್ರಿ" ಎಂದಳು, ನಾಲ್ವರಿಗೂ ಕೇಳುವಂತೆ. "ಈಗ ಉಸಿರು ಸಿಗವಲ್ದು."

ದ್ಯಾಮಪ್ಪನ ಮುಖ ಕಪ್ಪಿಟ್ಟಿತು. "ಮೊದ್ಲ ಹೇಳಬಾರದೇನವಾ? ನಾವೇನ್ ರಾಕ್ಷಸರಾ?" ಎಂದವನೇ ಬೇವಿನ ಹಸಿ ಟೊಂಗೆ ಮುರಿದು ಬೆಂಕಿಯನ್ನು ಬಡಿಯತೊಡಗಿದ.